ಮನೆಯ ಗಣಕಯಂತ್ರದ ಕಾವಲು
(ಯಂತ್ರದಲ್ಲಿಯೇ ಅಡಕವಾಗಿರುವ ಫೈರ್‌ವಾಲಿನ ಉಪಯೋಗವನ್ನು ಕುರಿತು ಊರ ಗೌಡರಿಗೂ ಭೂಮಾಲೀಕರಿಗೂ ಕೆಲವು ಸೂಚನೆಗಳು)

ಲೇಖಕರು: ಕೃಷಿ ಇನ್‌ಸ್ಪೆಕ್ಟರರು, ಎಲ್.ಎಜಿ., ಜಲನಗರ, ವಿಜಯಪುರ

ಒಕ್ಕಲುತನದ ಮಾಸಪತ್ರಿಕೆಯಲ್ಲಿ ಗಣಕಯಂತ್ರದ ಮಾತು ಯಾತಕ್ಕೆಂದು ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾಗಬಹುದು. ಆದರೆ ಈ ಕಾಲದಲ್ಲಿ ಒಕ್ಕಲಿಗನ ಆಸ್ತಿಯು ಹೊಲದಲ್ಲಿಯೂ ಹಗೇವಿನಲ್ಲಿಯೂ ಮಾತ್ರ ಇರುವದಿಲ್ಲ. 2000ನೆಯ ಇಸವಿಯ ಸುಮಾರಿಗೆ ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆಯು ಜಾರಿಗೆ ಬಂದು, ಸುಮಾರು 67 ಲಕ್ಷ ಒಕ್ಕಲಿಗರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. ಕೈಬರಹದ ಉತಾರದ ಕಾಲವು ಅಲ್ಲಿಗೆ ಮುಗಿಯಿತು. ಇಂದು ರೈತನ ನೋಂದಣಿಯು 'ಫ್ರೂಟ್ಸ್' ತಂತ್ರಾಂಶದಲ್ಲಿ, ಬೆಳೆ ವಿಮೆಯು 'ಸಂರಕ್ಷಣೆ' ಜಾಲತಾಣದಲ್ಲಿ, ಸಹಾಯಧನವು ನೇರವಾಗಿ ಬ್ಯಾಂಕಿನ ಖಾತೆಯಲ್ಲಿ. ತಿಕೋಟಾ ಭಾಗದಿಂದ ಯುರೋಪಕ್ಕೆ ದ್ರಾಕ್ಷಿ ಕಳಿಸುವವರು ಅಪೇಡಾ ಸಂಸ್ಥೆಯ 'ಗ್ರೇಪ್‌ನೆಟ್'ನಲ್ಲಿ ತಮ್ಮ ತೋಟವನ್ನು ಕಾಣಿಸಬೇಕಾಗುತ್ತದೆ. ಯಾವ ಔಷಧವನ್ನು ಎಂದು ಎಷ್ಟು ಸಿಂಪಡಿಸಿದೆವೆಂಬ ಲೆಕ್ಕವನ್ನೂ ಇಡಬೇಕಾಗುತ್ತದೆ. ಒಣದ್ರಾಕ್ಷಿಯನ್ನು ಸಾಂಗಲಿ, ತಾಸಗಾವಿ ಪೇಟೆಗಳಿಗೆ ಒಯ್ಯುವವರ ಪಟ್ಟಿ ಪಾವತಿಗಳು ಕೂಡ ಕಾಗದದ ವಹಿಯಿಂದ ಯಂತ್ರಕ್ಕೆ ಏರುತ್ತಲಿವೆ.

ಇದರ ಮೇಲೆ ಇನ್ನೊಂದು ಸಂಗತಿಯುಂಟು. ಹಳ್ಳಿಯಲ್ಲಿ ಗೌಡರ ಮನೆಯ ಗಣಕಯಂತ್ರವು ಗೌಡರೊಬ್ಬರದೇ ಆಗಿರುವದಿಲ್ಲ. ನೆರೆಯವರು ಅರ್ಜಿ ತುಂಬಿಸಲು ಬರುವರು. ವಿಧವೆಯೊಬ್ಬಳು ಪಿಂಚಣಿಯ ಕಾಗದವನ್ನು ಮುದ್ರಿಸಿಕೊಳ್ಳಲು ಬರುವಳು. ಅವರೆಲ್ಲರ ಆಧಾರ ಪತ್ರ, ಬ್ಯಾಂಕ್ ಪುಸ್ತಕಗಳ ಪ್ರತಿಗಳು ಆ ಯಂತ್ರದಲ್ಲಿಯೇ ಉಳಿಯುವವು. ಆದಕಾರಣ ಅದರ ಬಾಗಿಲು ತೆರೆದಿದ್ದರೆ ಹಾನಿಯು ಒಂದು ಮನೆಗೆ ನಿಲ್ಲುವದಿಲ್ಲ. ಅರ್ಧ ಊರಿಗೆ ತಟ್ಟುತ್ತದೆ. ಈ ಬಾಗಿಲನ್ನು ಕಾಯುವ ಸಾಧನವು ಯಂತ್ರವನ್ನು ಕೊಂಡ ದಿನದಿಂದಲೇ ಅದರೊಳಗಿದ್ದರೂ ಬಹುಜನರು ಅದರ ಕಡೆಗೆ ನೋಡುವದಿಲ್ಲವಾದ್ದರಿಂದ ಈ ಲೇಖನವನ್ನು ಬರೆಯಲಾಗಿದೆ.

ಫೈರ್‌ವಾಲ್ ಎಂದರೇನು?

ಶಬ್ದಾರ್ಥವನ್ನು ನೋಡಿದರೆ ಇದು 'ಬೆಂಕಿಯನ್ನು ತಡೆಯುವ ಗೋಡೆ'. ಕಣಕಿಯ ಬಣವೆಗಳನ್ನು ಒಂದಕ್ಕೊಂದು ತಾಗುವಂತೆ ಒಟ್ಟಬಾರದೆಂಬುದನ್ನು ನಮ್ಮ ಒಕ್ಕಲಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದಕ್ಕೆ ಕಿಡಿ ಬಿದ್ದರೆ ಸಾಲೆಲ್ಲ ಬೂದಿಯಾಗುವದು. ಕಟ್ಟಡಗಳ ನಡುವೆ ಇದೇ ಕಾರಣಕ್ಕಾಗಿ ಕಟ್ಟುವ ಗೋಡೆಯ ಹೆಸರನ್ನು ಗಣಕಶಾಸ್ತ್ರದವರು ತಮ್ಮ ಸಾಧನಕ್ಕೆ ಇಟ್ಟುಕೊಂಡಿದ್ದಾರೆ. ಆದರೆ ಇಲ್ಲಿ ಕಲ್ಲಿಲ್ಲ, ಗಾರೆಯಿಲ್ಲ. ಇದು ಹೋಗಿಬರುವದನ್ನು ಪರೀಕ್ಷಿಸುವ ಒಂದು ತಂತ್ರಾಂಶವು.

ಇದರ ಕೆಲಸವನ್ನು ತಿಳಿಯಲು ವಿಜಯಪುರದ ಕೋಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, 1565ರಲ್ಲಿ ಮುಗಿದ ಈ ಕೋಟೆಯ ಸುತ್ತಳತೆಯು ಸುಮಾರು 10 ಕಿಲೋಮೀಟರು. ಇದರ ಮುಖ್ಯ ದ್ವಾರಗಳು ಮಕ್ಕಾ, ಶಾಹಪುರ, ಬಹಮನಿ, ಅಲ್ಲಾಪುರ, ಮನಗೂಳಿ ಎಂಬ ಐದು. ಇಷ್ಟು ಉದ್ದದ ಗೋಡೆಯನ್ನು ಕಾಯುವದಕ್ಕಿಂತ ಐದು ದ್ವಾರಗಳಲ್ಲಿ ಬರುವವರನ್ನು ವಿಚಾರಿಸುವದು ಸುಲಭವೆಂಬುದೇ ಕೋಟೆ ಕಟ್ಟಿದವರ ಯುಕ್ತಿ. ಗಣಕಯಂತ್ರಕ್ಕಾದರೋ 'ಪೋರ್ಟ್' ಎಂದು ಕರೆಯಲ್ಪಡುವ ಬಾಗಿಲುಗಳು 0 ರಿಂದ 65,535ರ ವರೆಗೆ ಸಂಖ್ಯೆ ಹಾಕಲ್ಪಟ್ಟಿರುತ್ತವೆ. ಜಾಲತಾಣಗಳ ಸುರಕ್ಷಿತ ವ್ಯವಹಾರಕ್ಕೆ 443, ಒಂದೇ ಮನೆಯ ಯಂತ್ರಗಳು ಕಡತಗಳನ್ನು ಹಂಚಿಕೊಳ್ಳುವದಕ್ಕೆ 445, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಂಖ್ಯೆಯು ರೂಢಿಯಲ್ಲಿದೆ. ಯಾವ ತಂತ್ರಾಂಶವು ಯಾವ ಬಾಗಿಲಲ್ಲಿ ಕಿವಿಗೊಟ್ಟು ಕುಳಿತಿದೆಯೆಂಬುದು ಮನೆಯ ಯಜಮಾನನಿಗೆ ತಿಳಿದಿರುವದಿಲ್ಲ. ಹೊರಗಿನ ಕಳ್ಳನು ಮಾತ್ರ ಒಂದೊಂದನ್ನೂ ತಟ್ಟಿ ನೋಡುತ್ತಿರುತ್ತಾನೆ.

ಫೈರ್‌ವಾಲ್ ಈ ಬಾಗಿಲುಗಳ ತಳವಾರನು. ಇದರ ನಿಯಮವು ಬಹು ಸರಳವಾದದ್ದು: ಮನೆಯೊಳಗಿನವರು ಕೇಳಿದ್ದು ಒಳಗೆ ಬರಲಿ, ಯಾರೂ ಕೇಳದೆ ತಾನಾಗಿ ಬಂದದ್ದು ಹೊರಗೆ ನಿಲ್ಲಲಿ. ತಾವು ಪೇಟೆಯ ಧಾರಣೆಯನ್ನು ನೋಡಲು ಒಂದು ಜಾಲತಾಣವನ್ನು ತೆರೆದಿರೆಂದರೆ, ಹೊರಟುಹೋದ ಆ ವಿನಂತಿಯ ಗುರುತನ್ನು ಫೈರ್‌ವಾಲ್ ನೆನಪಿಟ್ಟುಕೊಂಡು ಅದರ ಉತ್ತರಕ್ಕೆ ಮಾತ್ರ ದಾರಿ ಬಿಡುವದು. ಯಾರಿಗೂ ಬೇಡವಾದ ಅಪರಿಚಿತ ಕರೆಯು ಬಂದರೆ ಅದಕ್ಕೆ ಉತ್ತರವನ್ನೇ ಕೊಡದೆ ಸುಮ್ಮನಾಗುವದು.

ಹಾನಿಯು ಹರಡುವ ಬಗೆ

"ನಮ್ಮ ಯಂತ್ರದಲ್ಲಿ ಏನಿದೆಯೆಂದು ಕಳ್ಳನು ಬಂದಾನು?" ಎಂದು ಕೇಳುವ ಹಿರಿಯರು ನಮ್ಮ ಭಾಗದಲ್ಲಿ ಅನೇಕರಿದ್ದಾರೆ. ಪ್ರಶ್ನೆಯು ಸಹಜವಾದದ್ದು, ಆದರೆ ಮಿಡಿತೆಯ ಹಿಂಡು ಸಿರಿವಂತನ ಹೊಲ, ಬಡವನ ಹೊಲವೆಂದು ಆರಿಸುವದುಂಟೆ? ಗಣಕಯಂತ್ರದ 'ಹುಳ'ಗಳು ಇದೇ ಜಾತಿಯವು. ಅವು ಮನುಷ್ಯನ ಅಪ್ಪಣೆಯನ್ನು ಕಾಯದೆ, ಸಿಕ್ಕ ಸಿಕ್ಕ ವಿಳಾಸವನ್ನೆಲ್ಲ ತಟ್ಟುತ್ತ, ತೆರೆದ ಬಾಗಿಲನ್ನು ಕಂಡಲ್ಲಿ ನುಗ್ಗಿ, ಅಲ್ಲಿಂದ ಮುಂದಿನ ಯಂತ್ರಕ್ಕೆ ಹಾರುತ್ತವೆ. ಎರಡು ದೃಷ್ಟಾಂತಗಳನ್ನು ಇಲ್ಲಿ ಕೊಡುವದು ಉಚಿತವಾಗಿದೆ.

ಮೊದಲನೆಯದು 2003ರ ಆಗಸ್ಟ್ ತಿಂಗಳಲ್ಲಿ ಹಬ್ಬಿದ 'ಬ್ಲಾಸ್ಟರ್' ಎಂಬ ಹುಳವು. ಯಾರೂ ಯಾವ ಪತ್ರವನ್ನೂ ತೆರೆಯಲಿಲ್ಲ, ಯಾವ ಗುಂಡಿಯನ್ನೂ ಒತ್ತಲಿಲ್ಲ; ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿದ್ದಷ್ಟೇ ಸಾಕಾಯಿತು. 135ನೆಯ ಬಾಗಿಲಿನಿಂದ ಅದು ಒಳಹೊಕ್ಕಿತು. ಯಂತ್ರಗಳು ಅರವತ್ತು ಸೆಕೆಂಡುಗಳ ಎಚ್ಚರಿಕೆ ಕೊಟ್ಟು ತಾವಾಗಿಯೇ ನಿಂತು ಮತ್ತೆ ಆರಂಭವಾಗತೊಡಗಿದವು. ಇದರಲ್ಲಿ ವಿಷಾದಕರವಾದ ಸಂಗತಿಯೇನೆಂದರೆ, 2001ರಲ್ಲಿ ಹೊರಟ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲಿನಿಂದಲೂ ಇದ್ದಿತು. ಆದರೆ ಅದನ್ನು ಆರಿಸಿಯೇ ಮಾರುತ್ತಿದ್ದರು, ಕೊಂಡವರಿಗೆ ಅದು ಇದ್ದುದೇ ತಿಳಿದಿರಲಿಲ್ಲ. ಮುಳ್ಳುಬೇಲಿಯ ಕಂಟಿಯನ್ನು ಕಡಿದು ತಂದು ಹೊಲದ ಮೂಲೆಯಲ್ಲಿ ಒಟ್ಟಿಟ್ಟಂತಾಯಿತು. ಈ ಅನುಭವದ ತರುವಾಯ 2004ರ ಆಗಸ್ಟಿನಲ್ಲಿ ಹೊರಟ ಎರಡನೆಯ 'ಸರ್ವಿಸ್ ಪ್ಯಾಕ್'ನಿಂದ ಮೊದಲ್ಗೊಂಡು ಫೈರ್‌ವಾಲನ್ನು ಹಚ್ಚಿಯೇ ಕೊಡುವ ಪದ್ಧತಿಯು ಬಂದಿತು.

ಎರಡನೆಯದು 2017ರ ಮೇ 12ರಂದು ಆರಂಭವಾದ 'ವಾನ್ನಾಕ್ರೈ' ಪಿಡುಗು. ಇದು 445ನೆಯ ಬಾಗಿಲಿನಿಂದ ಬಂದು, ಯಂತ್ರದಲ್ಲಿಯ ಕಡತಗಳಿಗೆಲ್ಲ ಬೀಗ ಜಡಿದು, ಬೀಗದ ಕೈಗೆ ಸುಮಾರು 300 ಡಾಲರುಗಳ ಒತ್ತೆಹಣವನ್ನು ಕೇಳಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಇದಕ್ಕೆ ತುತ್ತಾದವು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ನಮ್ಮ ನೆರೆಯ ಆಂಧ್ರ ಪ್ರದೇಶದ ಕೆಲವು ಪೊಲೀಸ್ ಠಾಣೆಗಳ ಯಂತ್ರಗಳೂ ನಿಂತವು. ಇದರ ಪರಿಹಾರವನ್ನು ಮೈಕ್ರೋಸಾಫ್ಟ್ ಕಂಪನಿಯು ಅದೇ ಮಾರ್ಚ್ ತಿಂಗಳಲ್ಲಿಯೇ, ಅಂದರೆ ಎರಡು ತಿಂಗಳು ಮುಂಚಿತವಾಗಿಯೇ, ಹೊರಡಿಸಿತ್ತು. ಅದನ್ನು ಹಾಕಿಕೊಂಡಿದ್ದವರ ಯಂತ್ರಕ್ಕೆ ಈ ದಾರಿಯಿಂದ ಹುಳವು ಹೊಗಲಿಲ್ಲ. 445ನೆಯ ಬಾಗಿಲನ್ನು ಫೈರ್‌ವಾಲಿನಿಂದ ಮುಚ್ಚಿಕೊಂಡಿದ್ದವರ ಯಂತ್ರಕ್ಕೂ ಹೊಗಲಿಲ್ಲ.

ಜೋಳದ ಕಾಡಿಗೆ ರೋಗವು ತೆನೆಯಲ್ಲಿ ಕಂಡ ಮೇಲೆ ಯಾವ ಔಷಧವೂ ನಡೆಯದು. ಬಿತ್ತುವ ಮುಂಚೆ ಬೀಜಕ್ಕೆ ಗಂಧಕದ ಪುಡಿಯನ್ನು ಹಚ್ಚಿದರೆ ರೋಗವೇ ಬಾರದು. ಇದನ್ನು ನಮ್ಮ ಖಾತೆಯವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಫೈರ್‌ವಾಲ್ ಇದೇ ವರ್ಗದ ಉಪಾಯವು. ಕಡತಗಳಿಗೆ ಬೀಗ ಬಿದ್ದ ಮೇಲೆ ಅದನ್ನು ಹಚ್ಚುವದರಿಂದ ಪ್ರಯೋಜನವಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವದು.

ಬೇಲಿಯು ಬೀಳುವದು ಹ್ಯಾಗೆ?

ಈಗ ಸಾಮಾನ್ಯವಾಗಿ ಫೈರ್‌ವಾಲ್ ಹಚ್ಚಿದ ಸ್ಥಿತಿಯಲ್ಲಿಯೇ ಯಂತ್ರವು ಮನೆಗೆ ಬರುತ್ತದೆ. ಹೀಗಿದ್ದೂ ತಿಕೋಟಾ, ಬಬಲೇಶ್ವರ ಭಾಗಗಳ ಪ್ರವಾಸದಲ್ಲಿ ಅದು ಆರಿದ್ದುದನ್ನು ಲೇಖಕನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದಾನೆ. ವಿಚಾರಿಸಿದರೆ ಕಾರಣವು ಹೆಚ್ಚುಕಡಿಮೆ ಒಂದೇ: ಮುದ್ರಣಯಂತ್ರವನ್ನು ಜೋಡಿಸಲು ಬಂದವನಿಗೆ ಅದು ಒಮ್ಮೆಲೇ ಹೊಂದಲಿಲ್ಲ; ಅಥವಾ ಲೆಕ್ಕದ ತಂತ್ರಾಂಶವು ಎರಡು ಯಂತ್ರಗಳ ನಡುವೆ ನಡೆಯಲಿಲ್ಲ; ಅಥವಾ ಮಕ್ಕಳ ಆಟವೊಂದು ಅಡ್ಡಿಯಾಯಿತೆಂದು ಹೇಳಿತು. ಆಗ ರಿಪೇರಿಯವನು ಫೈರ್‌ವಾಲನ್ನೇ ಪೂರ್ತಿಯಾಗಿ ಆರಿಸಿ, ಕೆಲಸ ನಡೆಯಿತೆಂದು ತೋರಿಸಿ, ಹಣ ತೆಗೆದುಕೊಂಡು ಹೋದನು. ತಿರುಗಿ ಹಚ್ಚುವದು ಅವನಿಗೂ ನೆನಪಾಗಲಿಲ್ಲ, ಮನೆಯವರಿಗೂ ತಿಳಿಯಲಿಲ್ಲ. ಬಂಡಿಯೊಂದು ಒಳಗೆ ಬರಲೆಂದು ಹೊಲದ ನಾಲ್ಕೂ ಕಡೆಯ ಬೇಲಿಯನ್ನು ಕಿತ್ತುಹಾಕಿದಂತೆ ಇದು. ಬಂಡಿಗೆ ಬೇಕಾದದ್ದು ಒಂದು ಹಾದಿ ಮಾತ್ರ. ಆ ಒಂದು ಹಾದಿಯನ್ನು ಬಿಟ್ಟುಕೊಡುವ ಅನುಕೂಲವು ಫೈರ್‌ವಾಲಿನಲ್ಲಿಯೇ ಇದೆ.

ಮಾಡತಕ್ಕ ಕ್ರಮ

ನಮ್ಮ ಭಾಗದ ಮನೆಗಳಲ್ಲಿ ಬಹುಮಟ್ಟಿಗೆ ಇರುವದು ವಿಂಡೋಸ್ ಆದ್ದರಿಂದ ಅದರ ಕ್ರಮವನ್ನು ವಿಸ್ತಾರವಾಗಿ ಹೇಳಲಾಗಿದೆ. ಮನೆಯಲ್ಲಿ ಓದಿದ ಮಗನನ್ನಾಗಲಿ ಮಗಳನ್ನಾಗಲಿ ಕೂಡ್ರಿಸಿಕೊಂಡು, ಯಜಮಾನರು ತಾವೇ ಕಣ್ಣಾರೆ ನೋಡತಕ್ಕದ್ದು.

1. 'ಸ್ಟಾರ್ಟ್' ಗುಂಡಿಯನ್ನೊತ್ತಿ 'ವಿಂಡೋಸ್ ಸೆಕ್ಯುರಿಟಿ' ಎಂದು ಬೆರಳಚ್ಚು ಮಾಡಿ, ಬಂದ ಹೆಸರನ್ನು ತೆರೆಯಬೇಕು. ಅದರಲ್ಲಿ 'ಫೈರ್‌ವಾಲ್ ಆ್ಯಂಡ್ ನೆಟ್‌ವರ್ಕ್ ಪ್ರೊಟೆಕ್ಷನ್' ಎಂಬ ಭಾಗಕ್ಕೆ ಹೋಗಬೇಕು.

2. ಅಲ್ಲಿ ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಸಾಲುಗಳು ಕಾಣುವವು. ಮೊದಲನೆಯದು ದೊಡ್ಡ ಕಚೇರಿಗಳಿಗೆ ಸಂಬಂಧಿಸಿದ್ದು. ಎರಡನೆಯದು ನಂಬಿಕೆಯ ಮನೆಯ ಜಾಲಕ್ಕೆ. ಮೂರನೆಯದು ಬಸ್ ನಿಲ್ದಾಣ, ವಸತಿಗೃಹ ಮೊದಲಾದ ಹತ್ತು ಜನರ ಜಾಲಕ್ಕೆ. ಮೂರರಲ್ಲಿಯೂ ಫೈರ್‌ವಾಲ್ 'ಆನ್' ಎಂದೇ ಇರಬೇಕು. 'ಆಫ್' ಎಂದಿದ್ದಲ್ಲಿ ಆ ಸಾಲನ್ನು ತೆರೆದು ಗುಂಡಿಯನ್ನು ಸರಿಸಿದರೆ ಸಾಕು.

3. ತಮ್ಮ ಜಾಲವು ಯಾವ ಬಗೆಯದೆಂದು ಯಂತ್ರಕ್ಕೆ ಸರಿಯಾಗಿ ತಿಳಿಸಬೇಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ, ಜೋಡಿಸಿಕೊಂಡ ವೈಫೈನ 'ಪ್ರಾಪರ್ಟೀಸ್' ತೆರೆದರೆ ಇದನ್ನು ಆರಿಸಲಿಕ್ಕೆ ಬರುತ್ತದೆ. ಸಂಶಯವಿದ್ದರೆ 'ಪಬ್ಲಿಕ್' ಎಂದೇ ಇಡುವದು ಕ್ಷೇಮಕರ. ಅದರಲ್ಲಿ ಕಾವಲು ಬಿಗಿಯಾಗಿರುವದು. ಮನೆಯ ಎರಡು ಯಂತ್ರಗಳು ಕಡತ ಹಂಚಿಕೊಳ್ಳಬೇಕಾದಾಗ ಮಾತ್ರ 'ಪ್ರೈವೇಟ್' ಬೇಕಾಗುತ್ತದೆ.

4. 'ಅಲೋ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್' ಎಂಬ ಪಟ್ಟಿಯನ್ನು ತೆರೆದರೆ ಯಾರು ಯಾರಿಗೆ ಹಾದಿ ಬಿಡಲಾಗಿದೆಯೆಂಬುದು ತಿಳಿಯುವದು. ಎಂದೋ ಹಾಕಿ ಬಿಟ್ಟ ಆಟಗಳು, ಹೆಸರೇ ತಿಳಿಯದ ತಂತ್ರಾಂಶಗಳು ಇದ್ದಲ್ಲಿ ಅವುಗಳ ಗುರುತನ್ನು ತೆಗೆಯಬೇಕು. ಮುದ್ರಣಯಂತ್ರ ಅಥವಾ ಲೆಕ್ಕದ ತಂತ್ರಾಂಶಕ್ಕೆ ಅವಶ್ಯವಿದ್ದರೆ ಇದೇ ಪಟ್ಟಿಯಲ್ಲಿ ಅದಕ್ಕಷ್ಟೇ, ಅದೂ 'ಪ್ರೈವೇಟ್' ಕಂಬದಲ್ಲಷ್ಟೇ, ಗುರುತು ಹಾಕಬೇಕು.

5. ಹೊಸ ತಂತ್ರಾಂಶವೊಂದು ಹೊರಗಿನ ಕರೆಗಳನ್ನು ಸ್ವೀಕರಿಸಲು ಅಪ್ಪಣೆ ಬೇಡಿದಾಗ ಯಂತ್ರವು ಒಂದು ಕಿಟಕಿಯನ್ನು ತೋರಿಸಿ ಕೇಳುವದು. ಓದದೆ 'ಅಲೋ' ಒತ್ತುವದು ಬಹು ಕೆಟ್ಟ ಚಾಳಿಯು. ತಾವೇ ಬೇಕೆಂದು ಹಾಕಿದ ತಂತ್ರಾಂಶವಲ್ಲದಿದ್ದರೆ 'ಕ್ಯಾನ್ಸಲ್' ಎನ್ನಬೇಕು. ಕೆಲಸ ಕೆಟ್ಟರೆ ಮುಂದೆ ಅಪ್ಪಣೆ ಕೊಡಲು ಅಡ್ಡಿಯಿಲ್ಲ.

6. ಪಟ್ಟಿಯು ತೀರ ಗೊಂದಲವಾಗಿದ್ದರೆ 'ರಿಸ್ಟೋರ್ ಫೈರ್‌ವಾಲ್ಸ್ ಟು ಡೀಫಾಲ್ಟ್' ಎಂಬುದರಿಂದ ಎಲ್ಲವನ್ನೂ ಮೂಲಸ್ಥಿತಿಗೆ ತರಬಹುದು. ಪರಸ್ಥಳದಲ್ಲಿರುವಾಗ ಅಥವಾ ಪಿಡುಗಿನ ಸುದ್ದಿ ಬಂದಾಗ, ಒಳಬರುವ ಕರೆಗಳನ್ನೆಲ್ಲ ತಡೆಯುವ ಗುರುತನ್ನು ತಾತ್ಪೂರ್ತಿಕವಾಗಿ ಹಾಕಿಕೊಳ್ಳಬಹುದು. ಜಾಲತಾಣ ನೋಡುವದಕ್ಕೆ ಇದರಿಂದ ಅಡ್ಡಿಯಾಗುವದಿಲ್ಲ.

7. ಮಕ್ಕಳಿಗೂ ಹೊರಗಿನವರಿಗೂ ಸಾಧಾರಣ ಬಳಕೆದಾರರ ಪ್ರತ್ಯೇಕ ಖಾತೆಯನ್ನು ಮಾಡಿಕೊಟ್ಟು, ಯಜಮಾನಿಕೆಯ ಖಾತೆಯ ಗುಪ್ತಪದವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಅಗಸಿಯ ಬೀಗದ ಕೈಯನ್ನು ಬಂದ ಬಂದವರಿಗೆ ಕೊಡುವ ಪದ್ಧತಿಯು ಯಾವ ವಾಡೆಯಲ್ಲಿಯೂ ಇಲ್ಲ.

ಬೇರೆ ಕಂಪನಿಯ ವೈರಾಣುನಾಶಕವನ್ನು ಕೊಂಡಿದ್ದರೆ ಅದರೊಡನೆ ಅದರದೇ ಫೈರ್‌ವಾಲ್ ಬಂದಿರಬಹುದು. ಹಾಗಿದ್ದಲ್ಲಿ ಎರಡನ್ನೂ ಜಗ್ಗಾಡಿಸದೆ ಒಂದನ್ನೇ ನಡೆಸಬೇಕು. ಆದರೆ ಅದರ ವರ್ಷದ ಹಣ ಮುಗಿದ ದಿನ ಕಾವಲೂ ಮುಗಿಯಿತೋ ಎಂಬುದನ್ನು ಮೇಲೆ ಹೇಳಿದ ಸ್ಥಳದಲ್ಲಿ ನೋಡಬೇಕು. ಆ್ಯಪಲ್ ಕಂಪನಿಯ ಯಂತ್ರಗಳಲ್ಲಿ ಫೈರ್‌ವಾಲ್ ಇದ್ದರೂ ಮೊದಲಿಗೆ ಆರಿರುವದು ವಾಡಿಕೆ. ಸಿಸ್ಟಂ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಅದನ್ನು ಹಚ್ಚಿಕೊಳ್ಳಬೇಕು. ಉಬುಂಟು ಬಳಸುವವರು 'ಯುಎಫ್‌ಡಬ್ಲ್ಯೂ' ಎಂಬುದನ್ನು ಹಾಗೆಯೇ ತಾವಾಗಿ ಹಚ್ಚಬೇಕಾಗುತ್ತದೆ.

ಒಂದು ಆಕ್ಷೇಪಣೆ

ಮನೆಯ ಗೋಡೆಯ ಮೇಲಿರುವ ವೈಫೈ ಪೆಟ್ಟಿಗೆಯಲ್ಲಿಯೇ ಹೊರಗಿನವರನ್ನು ತಡೆಯುವ ಗುಣವಿರುವಾಗ ಯಂತ್ರಕ್ಕೆ ಬೇರೆ ಕಾವಲೇಕೆ ಎಂದು ತಿಳಿದವರು ಕೇಳಬಹುದು. ಪೆಟ್ಟಿಗೆಯು ಊರ ಅಗಸಿಯಿದ್ದಂತೆ. ಫೈರ್‌ವಾಲ್ ಮನೆಯ ಕದವಿದ್ದಂತೆ. ಅಗಸಿಯೊಳಗೆ ಬಂದ ನೆಂಟನ ಮೊಬೈಲಿನಲ್ಲಿಯೋ ಮಗನ ಗೆಳೆಯನ ಯಂತ್ರದಲ್ಲಿಯೋ ಹುಳವಿದ್ದರೆ ಅಗಸಿಯ ಕಾವಲಿನಿಂದ ಏನೂ ಆಗದು. ಮೇಲಾಗಿ ಈಗಿನ ಯಂತ್ರಗಳು ಬಗಲಲ್ಲಿ ಒಯ್ಯುವಂಥವು. ಇಂದು ಮನೆಯಲ್ಲಿ, ನಾಳೆ ವಿಜಯಪುರದ ವಸತಿಗೃಹದಲ್ಲಿ. ಕಾವಲು ಅವುಗಳ ಸಂಗಡವೇ ಹೋಗಬೇಕು.

ಫೈರ್‌ವಾಲಿನಿಂದ ಆಗದ ಕೆಲಸಗಳು

ಯಾವ ಉಪಾಯವನ್ನೂ ಅದರ ಮಿತಿಯನ್ನು ಬಿಟ್ಟು ಹೊಗಳುವದು ಸರಿಯಲ್ಲ. ವಿಜಯಪುರದ ಕೋಟೆಯು ಬಲವಾದದ್ದೇ. ಆದರೂ ದೀರ್ಘವಾದ ಮುತ್ತಿಗೆಯ ಕೊನೆಗೆ 1686ರಲ್ಲಿ ಔರಂಗಜೇಬನು ಒಳಗೆ ಬಂದನು, ಮತ್ತು ಅವನು ಬಂದ ಮನಗೂಳಿ ದರ್ವಾಜೆಗೆ 'ಫತೇ' ದರ್ವಾಜೆಯೆಂಬ ಹೆಸರಾಯಿತು. ಫೈರ್‌ವಾಲ್ ತಡೆಯುವದು ಕರೆಯದೆ ಬಂದವನನ್ನು. ನಾವೇ ಕರೆದು ಕೂಡ್ರಿಸಿದವನನ್ನಲ್ಲ. ಸರಕಾರದ ಯೋಜನೆಯ ಹೆಸರಿನಲ್ಲಿ ಬಂದ ಕಡತವನ್ನು ತೆರೆದರೆ, ಬ್ಯಾಂಕಿನವನೆಂದು ಹೇಳಿಕೊಂಡವನಿಗೆ ಓಟಿಪಿ ಹೇಳಿದರೆ, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಅಪರಿಚಿತನ ಮಾತಿನಂತೆ ಹಾಕಿಕೊಂಡರೆ, ಒಳಗಿನಿಂದಲೇ ಹಾದಿ ಬಿಟ್ಟಂತಾಗುವದು. ಬೇಲಿಯೇ ಎದ್ದು ಹೊಲವನ್ನು ಮೇಯ್ದ ಮೇಲೆ ಯಾರಿಗೆ ದೂರುವದು?

ಆದ್ದರಿಂದ ಫೈರ್‌ವಾಲಿನ ಜೊತೆಗೆ ಮೂರು ಕೆಲಸಗಳು ಅವಶ್ಯವಾಗಿವೆ. ಒಂದು, ಕಂಪನಿಯಿಂದ ಬರುವ ಸುಧಾರಣೆಗಳನ್ನು ಮುಂದೂಡದೆ ಹಾಕಿಕೊಳ್ಳುವದು; ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವದರಿಂದ ಅದನ್ನು ಬಳಸುವವರು ಮುಂದಿನ ಏರ್ಪಾಡನ್ನು ಯೋಚಿಸತಕ್ಕದ್ದು. ಎರಡು, ಮುಖ್ಯ ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದು, ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಕಪಾಟಿನಲ್ಲಿಡುವದು. ಬೀಜದ ಜೋಳವನ್ನು ಉಣ್ಣುವ ಜೋಳದೊಡನೆ ಇಡದಿರುವಂತೆಯೇ ಇದು. ಮೂರು, ಯಂತ್ರಕ್ಕೆ ಹುಳ ಹತ್ತಿದ ಸಂಶಯ ಬಂದರೆ ಮೊದಲು ವೈಫೈಯನ್ನು ತೆಗೆದು ಬಿಡುವದು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2017ರಲ್ಲಿ ತೆರೆದ 'ಸೈಬರ್ ಸ್ವಚ್ಛತಾ ಕೇಂದ್ರ'ದ ಮುಖಾಂತರ ಶುದ್ಧೀಕರಣದ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಬ್ಯಾಂಕಿನಿಂದ ಹಣ ಹೋಗಿದ್ದಲ್ಲಿ ತಡಮಾಡದೆ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಹಣವು ಕೈಯಿಂದ ಕೈಗೆ ಸರಿಯುವ ಮುಂಚೆ ತಡೆಯುವ ಸಾಧ್ಯತೆಯು ಮೊದಲಿನ ಕೆಲವು ತಾಸುಗಳಲ್ಲಿಯೇ ಹೆಚ್ಚು.

ಖರ್ಚು ಮತ್ತು ಲಾಭ

ಈ ಉಪಾಯದ ಖರ್ಚಿನ ಲೆಕ್ಕವು ಬಹು ಚಿಕ್ಕದು. ಫೈರ್‌ವಾಲ್ ಯಂತ್ರದೊಡನೆ ಬಂದದ್ದಾದ್ದರಿಂದ ಬೆಲೆ ಏನೂ ಇಲ್ಲ. ಮೊದಲನೆಯ ಸಲ ನೋಡಲು ಅರ್ಧ ತಾಸು, ಮುಂದೆ ತಿಂಗಳಿಗೊಮ್ಮೆ ಐದು ನಿಮಿಷ. ಲಾಭದ ಬದಿಯಲ್ಲಿ ಬರೆಯತಕ್ಕದ್ದು ಉತಾರದ ಪ್ರತಿಗಳು, ದ್ರಾಕ್ಷಿಯ ಸಿಂಪರಣೆಯ ವರ್ಷದ ಲೆಕ್ಕ, ಬ್ಯಾಂಕಿನ ಖಾತೆ, ಮತ್ತು ನಮ್ಮನ್ನು ನಂಬಿ ಕಾಗದ ಕೊಟ್ಟು ಹೋದ ನೆರೆಯವರ ವಿಶ್ವಾಸ.

ಊರಲ್ಲಿ ಒಂದು ಹೊಸ ತಳಿಯ ಬೀಜವಾಗಲಿ ಒಂದು ಒಡ್ಡಿನ ಪದ್ಧತಿಯಾಗಲಿ ಮೊದಲು ಗೌಡರ ಹೊಲದಲ್ಲಿ ಕಂಡರೆ ಉಳಿದವರು ತಾವಾಗಿ ಅನುಸರಿಸುವರೆಂಬುದು ನಮ್ಮ ಖಾತೆಯ ಅನುಭವವು. ಈ ಸಣ್ಣ ಕೆಲಸದಲ್ಲಿಯೂ ಹಿರಿಯರು ಮುಂದಾಗಿ, ತಮ್ಮ ಯಂತ್ರವನ್ನು ನೋಡಿಕೊಂಡ ಮೇಲೆ ಪಂಚಾಯತಿಯ ಸದಸ್ಯರ, ಸಹಕಾರಿ ಸಂಘದ ಕಾರ್ಯದರ್ಶಿಗಳ, ಶಾಲೆಯ ಗುರುಗಳ ಯಂತ್ರಗಳನ್ನೂ ನೋಡಿಸಬೇಕೆಂದು ವಿನಂತಿ. ರಿಪೇರಿಯವನು ಬಂದುಹೋದ ದಿನ ಸಂಜೆಗೆ ಆ ಮೂರು ಸಾಲುಗಳನ್ನು ತಪ್ಪದೆ ಮತ್ತೊಮ್ಮೆ ನೋಡತಕ್ಕದ್ದು.